ಕಾಣುವ ಅಕ್ಷರ, ಉಳಿಯುವ ಅಕ್ಷರ

(ಮನೆಯ ಕಂಪ್ಯೂಟರಿಗೆ ಬರವಣಿಗೆಯ ತಂತ್ರಾಂಶ ಆರಿಸಿ ಅಳವಡಿಸಿಕೊಳ್ಳುವ ಬಗೆಗಿನ ಭಾಷಣದ ಪಠ್ಯ)



ಮಲೆನಾಡಿನ ಒಂದು ಹಳ್ಳಿ. ಅಲ್ಲೊಬ್ಬರು ನಿವೃತ್ತ ಮೇಷ್ಟ್ರು ಇದ್ದರು ಎಂದಿಟ್ಟುಕೊಳ್ಳಿ. ನೌಕರಿ ಮುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸುತ್ತಲಿನ ಊರುಗಳನ್ನು ಅಲೆದು ನಾಟಿ ಹಾಡು, ಸೋಬಾನೆ ಪದ, ಒಗಟು, ಗಾದೆಗಳನ್ನೆಲ್ಲ ಬರೆದುಕೊಂಡರು. ಹಾಡಿದ ಮುದುಕಿಯರ ಹೆಸರು, ಊರು, ಯಾವ ಶಾಸ್ತ್ರದ ಹೊತ್ತಿನ ಹಾಡು ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಂಡರು. 2002ರಲ್ಲಿ ಮಗ ಮನೆಗೊಂದು ಕಂಪ್ಯೂಟರ್ ತಂದುಕೊಟ್ಟಾಗ ಎರಡೇ ಬೆರಳಿನಲ್ಲಿ ಕುಟ್ಟುತ್ತ ಮುನ್ನೂರು ಪುಟ ಮುಗಿಸಿದರು. ಅಷ್ಟರಲ್ಲಿ ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿಯಿತು. ಹೋದರೆ ಹೋಗಲಿ, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಮನೆಯವರು ನೆಮ್ಮದಿಯಾಗಿದ್ದರು. ಮೇಷ್ಟ್ರು ತೀರಿಕೊಂಡರು. ಹಾಡಿದವರಲ್ಲೂ ಯಾರೂ ಉಳಿಯಲಿಲ್ಲ. ಇಪ್ಪತ್ತು ವರ್ಷದ ಮೇಲೆ ಮಗಳು ಹೊಸ ಲ್ಯಾಪ್‌ಟಾಪ್ ಕೊಂಡು ಅಪ್ಪನ ಸಿಡಿಯಲ್ಲಿದ್ದ ಫೈಲನ್ನು ತೆರೆದರು. ಫೈಲೇನೋ ತೆರೆದುಕೊಂಡಿತು. ಆದರೆ ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಪುಟದ ತುಂಬ ಇಂಗ್ಲಿಷಿನ ಪಿ, ಕ್ಯೂ, ತಲೆಯ ಮೇಲೆ ಗೀರು ಹೊತ್ತ ಎ, ನಡುನಡುವೆ ಬ್ರಿಟಿಷರ ಪೌಂಡಿನ ಗುರುತು!

ಈ ಮೇಷ್ಟ್ರು ಕಲ್ಪಿತ ವ್ಯಕ್ತಿ. ಆ ಪುಟ ಮಾತ್ರ ಕಲ್ಪನೆಯಲ್ಲ. 1990ರಿಂದ ಹದಿನೈದು ಇಪ್ಪತ್ತು ವರ್ಷ ಕನ್ನಡದಲ್ಲಿ ಕಂಪ್ಯೂಟರ್ ಬಳಸಿ ಬರೆದ ಯಾರ ಮನೆಯಲ್ಲಾದರೂ ಇಂಥದೊಂದು ಫೈಲು ಸಿಕ್ಕೀತು. ವೈರಸ್ಸಿನ ಹಾವಳಿಯಿಂದ ಹೀಗಾದದ್ದಲ್ಲ, ಸಿಡಿಯೂ ಕೆಟ್ಟಿಲ್ಲ. ಅಂದು ಆರಿಸಿಕೊಂಡ ತಂತ್ರಾಂಶವು ಅಕ್ಷರಗಳನ್ನು ಏನೆಂದು ನೆನಪಿಟ್ಟುಕೊಂಡಿತೋ ಅದೇ ಇಂದು ಹೊರಬಿದ್ದಿದೆ.

ಮನೆಗೆ ಬರವಣಿಗೆಯ ತಂತ್ರಾಂಶ ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಬೆಲೆ ಎಷ್ಟು, ಅಕ್ಷರ ಚೆನ್ನಾಗಿ ಕಾಣುತ್ತದೆಯೇ, ಕಲಿಯುವುದು ಸುಲಭವೇ. ಮೂರೂ ಸಮಂಜಸವೇ. ಆದರೆ ಮೇಷ್ಟ್ರೂ ಇವನ್ನೇ ಕೇಳಿದ್ದರು, ಮೂರಕ್ಕೂ ಒಳ್ಳೆಯ ಉತ್ತರವೇ ಸಿಕ್ಕಿತ್ತು. ಕೇಳದೆ ಬಿಟ್ಟದ್ದು ನಾಲ್ಕನೆಯದು: ಪರದೆಯ ಮೇಲೆ ‘ಕ’ ಕಾಣುವಾಗ ಒಳಗೆ ಬರೆದಿಟ್ಟುಕೊಳ್ಳುವುದು ಏನನ್ನು?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವಿದ್ದರೆ ಒಂದು ಯಂತ್ರದಲ್ಲಿ ಬರೆದದ್ದನ್ನು ಇನ್ನೊಂದು ಯಂತ್ರ ಓದಬಲ್ಲದು. ಇಂಗ್ಲಿಷಿಗೆ ಇಂಥ ಒಪ್ಪಂದ 1963ರಲ್ಲೇ ಆಯಿತು. ಆಸ್ಕಿ ಎಂಬ ಆ ಪಟ್ಟಿಯಲ್ಲಿ 128 ಮನೆಗಳು. ದೊಡ್ಡ ‘ಎ’ಗೆ 65, ‘ಬಿ’ಗೆ 66, ಹೀಗೆ. ಮನೆ ಕಂಪ್ಯೂಟರುಗಳಿಗೆ ಮೊದಲ ಬರವಣಿಗೆ ತಂತ್ರಾಂಶವೆಂದು ಹೆಸರಾದ ಎಲೆಕ್ಟ್ರಿಕ್ ಪೆನ್ಸಿಲ್ 1976ರಲ್ಲಿ ಬರುವ ಹೊತ್ತಿಗೆ ಈ ಒಪ್ಪಂದ ಹಳೆಯದಾಗಿತ್ತು. 1978ರಲ್ಲಿ ವರ್ಡ್‌ಸ್ಟಾರ್ ಬಂತು, 1983ರಲ್ಲಿ ಮೈಕ್ರೋಸಾಫ್ಟ್ ವರ್ಡ್. ತಂತ್ರಾಂಶಗಳು ಒಂದನ್ನೊಂದು ನುಂಗಿ ಬೆಳೆದವು. ಇಂಗ್ಲಿಷಿನ ಅಕ್ಷರಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇದ್ದವು. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾನು ಈಗಲೂ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0 ಬಳಸಿಯೇ ಬರೆಯುವುದಾಗಿ 2014ರಲ್ಲಿ ಹೇಳಿದಾಗ ಜನ ನಕ್ಕರು. ಆತ ನಿಶ್ಚಿಂತೆಯಿಂದ ಹಾಗೆ ಬರೆಯಬಹುದು. ತಂತ್ರಾಂಶ ಎಷ್ಟೇ ಮುದಿಯಾದರೂ ಅದು ಬರೆದಿಟ್ಟ ‘ಎ’ ಎಲ್ಲೆಲ್ಲೂ ‘ಎ’ಯೇ. ಕನ್ನಡದ ಲೇಖಕರಿಗೆ ಆ ಭಾಗ್ಯ ಇರಲಿಲ್ಲ.

ಏಕೆ ಇರಲಿಲ್ಲ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ, ಮುದ್ರಣಾಲಯಕ್ಕೆ ಹೋಗಬೇಕು. ಅಚ್ಚುಮೊಳೆ ಜೋಡಿಸುವವನಿಗೆ ಅಕ್ಷರವೆಂದರೆ ಆಕಾರ. ಒತ್ತಕ್ಷರದ ಮೊಳೆಯೇ ಬೇರೆ. ಅದು ನಕಾರದ ಒತ್ತೋ ಮಕಾರದ ಒತ್ತೋ ಎಂಬುದಕ್ಕಿಂತ ಯಾವ ಖಾನೆಯಲ್ಲಿದೆ ಎಂಬುದು ಅವನಿಗೆ ಮುಖ್ಯ. ಕೆ. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚು ಯಂತ್ರವೂ ಇದೇ ದಾರಿ ಹಿಡಿದಿತ್ತು. ಸ್ವರ, ವ್ಯಂಜನ, ಕಾಗುಣಿತ, ಒತ್ತು ಎಲ್ಲವನ್ನೂ ಇಂಗ್ಲಿಷ್ ಯಂತ್ರದ ಬೆರಳೆಣಿಕೆಯ ಕೀಲಿಗಳಿಗೆ ಇಳಿಸಬೇಕಾದರೆ ಅಕ್ಷರವನ್ನು ತುಂಡು ಮಾಡದೆ ಗತಿಯಿರಲಿಲ್ಲ. ಕಾಗದದ ಮೇಲೆ ಮೂಡಿದರೆ ಸಾಕಿತ್ತು, ಏಕೆಂದರೆ ಕಾಗದವೇ ಅಂತಿಮ ಪ್ರತಿ. ಓದುವವರು ಮನುಷ್ಯರು, ತುಂಡುಗಳನ್ನು ಕೂಡಿಸಿ ಓದಿಕೊಳ್ಳುತ್ತಿದ್ದರು.

ಕಂಪ್ಯೂಟರ್ ಬಂದಾಗಲೂ ಇದೇ ಅಭ್ಯಾಸ ಮುಂದುವರಿಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಕನ್ನಡ ಡಿಟಿಪಿ ಲೋಕಕ್ಕೆ ಅಡಿಯಿಟ್ಟವು. ಅಂದಿನ ಫಾಂಟಿನಲ್ಲಿ ಇದ್ದದ್ದು 256 ಮನೆ. ಅಲ್ಲಿ ಆಗಲೇ ವಾಸವಾಗಿದ್ದ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಚಿತ್ರ ಅಳಿಸಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದರು. ಕಂಪ್ಯೂಟರಿನ ಮಟ್ಟಿಗೆ ಅದು ಈಗಲೂ ಇಂಗ್ಲಿಷೇ, ವೇಷ ಮಾತ್ರ ಕನ್ನಡ. ಸಾಲದ್ದಕ್ಕೆ ಯಾವ ತುಂಡು ಯಾವ ಮನೆಗೆ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹಂಚಿಕೊಂಡಿದ್ದರು. ಕೆಲವಕ್ಕಂತೂ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಬೀಗದಂಥ ಒಂದು ಉಪಕರಣ ಇರಲೇಬೇಕಿತ್ತು. ಅದು ಕಳೆದರೆ ತಂತ್ರಾಂಶವೂ ಇಲ್ಲ, ಬರೆದದ್ದನ್ನು ತಿದ್ದುವ ದಾರಿಯೂ ಇಲ್ಲ.

ಒಂದು ಉದಾಹರಣೆ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬರಹ, ನುಡಿಗಳ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ದಾಖಲಾಗುತ್ತಿದ್ದುದು ಏಳು ತುಂಡು. ದೊಡ್ಡ ‘ಪಿ’ ಎಂದರೆ ಕಕಾರದ ಒಡಲು. ಗೀರು ಹೊತ್ತ ‘ಎ’ ಎಂದರೆ ತಲೆಕಟ್ಟು. ಪೌಂಡಿನ ಗುರುತು ನಕಾರದ ಒಡಲು, ಮತ್ತೆ ತಲೆಕಟ್ಟು. ಆಮೇಲೆ ಜರ್ಮನ್ನರ ಜೋಡಿ ‘ಎಸ್’, ಅದೇ ನಕಾರದ ಒತ್ತು. ಸಣ್ಣ ‘ಕ್ಯೂ’ ಡಕಾರದ ಒಡಲು, ಅದಕ್ಕೂ ಒಂದು ತಲೆಕಟ್ಟು. ಮೇಷ್ಟ್ರ ಪುಟದಲ್ಲಿ ಮಗಳಿಗೆ ಕಂಡದ್ದು ಇವೇ ತುಂಡುಗಳು. ‘ಕ’ ಬರೆದರೆ ‘ಪಿ’ ಮತ್ತು ತಲೆಕಟ್ಟು. ಆದರೆ ‘ಕಿ’ ಬರೆದರೆ ಅದು ಒಂದೇ ತುಂಡು, ದೊಡ್ಡ ‘ಕ್ಯೂ’. ಕಕಾರಕ್ಕೂ ಕಿಕಾರಕ್ಕೂ ಸಂಬಂಧವಿದೆ ಎಂಬುದೇ ಯಂತ್ರಕ್ಕೆ ತಿಳಿಯದು. ಇಂಥ ಫೈಲಿನಲ್ಲಿ ಒಂದು ಪದ ಹುಡುಕುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ತಿಣುಕಾಟದ ಕೆಲಸ. ಆ ಫಾಂಟು ಯಂತ್ರದಲ್ಲಿ ಇರುವವರೆಗೆ ವೇಷ ನಿಲ್ಲುತ್ತದೆ, ಫಾಂಟು ಇಲ್ಲದ ಯಂತ್ರಕ್ಕೆ ಹೋದೊಡನೆ ಬಣ್ಣ ಕಳಚುತ್ತದೆ.

ಹಾಗಾದರೆ ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಅದನ್ನು ತೋರಿಸಿದವರಲ್ಲಿ ಮುಖ್ಯರು ಕನ್ನಡಿಗರೇ ಆದ ಕೆ. ಪಿ. ರಾವ್. ಕಿನ್ನಿಕಂಬಳ ಪದ್ಮನಾಭ ರಾಯರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಮುದ್ರಣ ತಂತ್ರಜ್ಞಾನವನ್ನು ಅರೆದು ಕುಡಿದವರು. ಕನ್ನಡ ಅಕ್ಷರವನ್ನು ಆಕಾರವಾಗಿ ನೋಡಬೇಡಿ, ಉಲಿಯಾಗಿ ನೋಡಿ ಎಂಬುದು ಅವರ ಕೀಲಿಮಣೆಯ ತಿರುಳು. ವ್ಯಂಜನಕ್ಕೆ ಒಂದು ಕೀಲಿ. ಅದರ ಮಹಾಪ್ರಾಣಕ್ಕೆ ಅದೇ ಕೀಲಿ, ಶಿಫ್ಟ್ ಒತ್ತಿ. ಸ್ವರದ ಕೀಲಿಯನ್ನು ಒಂಟಿಯಾಗಿ ಒತ್ತಿದರೆ ಸ್ವರ, ವ್ಯಂಜನದ ಬೆನ್ನಿಗೆ ಒತ್ತಿದರೆ ಕಾಗುಣಿತ. ಎರಡು ವ್ಯಂಜನ ಬೆಸೆಯಬೇಕಾದರೆ ನಡುವೆ ‘ಎಫ್’. ಇಷ್ಟೇ. ಒತ್ತು ಎಲ್ಲಿ ಕೂರಬೇಕು, ಗುಡಿಸು ಹೇಗೆ ಬಾಗಬೇಕು ಎಂಬ ಚಿಂತೆ ಯಂತ್ರದ್ದು. ಒಂದನೆಯ ತರಗತಿಯಲ್ಲಿ ಮೇಷ್ಟ್ರು ಕಲಿಸಿದ ವ್ಯಾಕರಣವೇ ಕಂಪ್ಯೂಟರಿಗೂ ಸಾಕು ಎಂದು ಇದರಿಂದ ಗೊತ್ತಾಯಿತು. ರಾಯರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ಹಂಚಿದರು, ಕಾಸು ಕೇಳಲಿಲ್ಲ. ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡ, ನುಡಿಯಲ್ಲಿ ಬಳಕೆಗೆ ಬಂದ ಕೀಲಿಮಣೆಗೆ ಆಧಾರವಾದದ್ದು ಇದೇ ವಿನ್ಯಾಸ.

ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಕೂಡ ಉಲಿಯ ದಾರಿಯದೇ. ಅದನ್ನು ಕಂಪ್ಯೂಟರಿನ ಒಳಗೆ ಸಿಕ್ಕಿಸಿದರೆ ವರ್ಡ್‌ಸ್ಟಾರ್‌ನಂಥ ಡಾಸ್ ತಂತ್ರಾಂಶದಲ್ಲೇ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಭಾರತದ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಎನ್ನುವ ಇಸ್ಕಿ ಶಿಷ್ಟತೆ 1991ರಲ್ಲಿ ಭಾರತೀಯ ಮಾನಕವೂ ಆಯಿತು. ಆದರೆ ಮನೆಯಲ್ಲಿ, ಅಂಗಡಿಯಲ್ಲಿ ವಿಂಡೋಸ್ ಬಂದು ಕೂತಿತ್ತು. ಜನಕ್ಕೆ ಬೇಕಾದದ್ದು ಮದುವೆ ಕರೆಯೋಲೆ, ಕರಪತ್ರ, ಪುಸ್ತಕ, ಅಂದರೆ ಮತ್ತೆ ಕಾಗದವೇ. ಉಲಿಯ ದಾರಿ ಸರಿಯಾದದ್ದಾದರೂ ವೇಷದ ದಾರಿಯೇ ಗೆದ್ದಿತು.

ಅದೇ 1991ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಿರಲಿ ಎಂದು ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಇಸ್ಕಿಯ ಜಾಡಿನಲ್ಲೇ ಅದು ಕನ್ನಡಕ್ಕೆ 128 ಮನೆ ಕೊಟ್ಟಿತು. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡದ ಖಾಸಾ ಸ್ವತ್ತು, ಅಲ್ಲಿ ಬೇರೆ ಯಾವ ಲಿಪಿಗೂ ಪ್ರವೇಶವಿಲ್ಲ. ‘ಕನ್ನಡ’ ಎಂದರೆ 3221, 3240, 3277, 3240, 3233. ಕ, ನ, ಬೆಸೆಯುವ ಹಲಂತ, ನ, ಡ. ಇಲ್ಲಿ ತಲೆಕಟ್ಟಿನ ಮಾತೇ ಇಲ್ಲ. ಫಾಂಟು ಬದಲಾಯಿಸಿದರೆ ಚೆಲುವು ಬದಲಾದೀತು, ಹೊರತು ಅಕ್ಷರ ಬದಲಾಗದು.

ಹಾಗಿದ್ದೂ ಹತ್ತು ವರ್ಷ ಅದು ಮನೆಗಳಿಗೆ ಬರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂತು. ಅಷ್ಟು ಹೊತ್ತಿಗೆ ಶೇಷಾದ್ರಿವಾಸು ಅವರ ‘ಬರಹ’ 1998ರಿಂದ ಮನೆಮನೆಗೂ ತಲುಪಿತ್ತು. ಇಂಗ್ಲಿಷ್ ಕೀಲಿಮಣೆ ಬಲ್ಲ ಯಾರು ಬೇಕಾದರೂ ಆ ದಿನವೇ ಕನ್ನಡ ಬರೆಯಬಹುದು ಎಂಬ ಧೈರ್ಯವನ್ನು ಅದು ಕೊಟ್ಟಿತು. ಹೊರದೇಶದ ಕನ್ನಡಿಗರಿಗಂತೂ ಅದೊಂದು ಹಬ್ಬ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ಕಚೇರಿಗಳಿಗೆ ಬಂತು. ಯಾವ ತುಂಡು ಯಾವ ಮನೆಗೆ ಎಂಬುದರಲ್ಲಿ ಬರಹ, ನುಡಿ ಎರಡೂ ಒಂದೇ ಪದ್ಧತಿ ಹಿಡಿದದ್ದು ಆಗ ದೊಡ್ಡ ಉಪಕಾರ. ಇಂದಿಗೂ ಉಪಕಾರವೇ, ಹೇಗೆಂಬುದು ಮುಂದೆ ಬರುತ್ತದೆ. ಆದರೆ ಪರದೆಯ ಹಿಂದೆ ಉಳಿದದ್ದು ಅದೇ ಪಿ, ಅದೇ ಕ್ಯೂ.

ಎಕ್ಸ್‌ಪಿ ಬಂದ ಮೇಲಾದರೂ ಜನ ಏಕೆ ಬದಲಾಗಲಿಲ್ಲ ಎಂದು ಕೇಳಬಹುದು. ಬರೆದದ್ದು ಕೊನೆಗೆ ಹೋಗುವುದು ಡಿಟಿಪಿ ಅಂಗಡಿಗೆ. ಅಲ್ಲಿ ಕೂತಿರುವುದು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರ ಹೊತ್ತಿಗೆ. ಯೂನಿಕೋಡಿನಲ್ಲಿ ಬರೆದುಕೊಂಡು ಹೋದವನಿಗೆ ‘ನುಡಿಯಲ್ಲಿ ಮಾಡಿಕೊಂಡು ಬನ್ನಿ ಸಾರ್’ ಎಂಬ ಉತ್ತರ ಸಿಗುತ್ತಿತ್ತು. ಪಾಪ, ಅಂಗಡಿಯವನ ತಪ್ಪೂ ಅಲ್ಲ.

ಇನ್ನು ಇಂದಿನ ಆಯ್ಕೆಯ ಮಾತು. ಹೊಸ ಕಂಪ್ಯೂಟರ್ ತಂದವರಿಗೆ ಈಗ ಒಂದು ಅಚ್ಚರಿ ಕಾದಿರುತ್ತದೆ. ವಿಂಡೋಸ್ 95ರ ಕಾಲದಿಂದ ಪುಕ್ಕಟೆಯಾಗಿ ಜೊತೆಗೇ ಬರುತ್ತಿದ್ದ ವರ್ಡ್‌ಪ್ಯಾಡನ್ನು ಮೈಕ್ರೋಸಾಫ್ಟ್ 2024ರಲ್ಲಿ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ತೆಗೆದುಹಾಕಿತು. ಉಳಿದದ್ದು ನೋಟ್‌ಪ್ಯಾಡ್. ಚೀಟಿ ಬರೆಯಲು ಅದು ಸಾಕು, ಅಧ್ಯಾಯ, ಅಡಿಟಿಪ್ಪಣಿ, ಪುಟಸಂಖ್ಯೆ ಬೇಕಾದ ಪುಸ್ತಕಕ್ಕೆ ಸಾಲದು. ಹಾಗಾಗಿ ಮನೆಯವರೇ ಒಂದು ತಂತ್ರಾಂಶವನ್ನು ಆರಿಸಿ ಹಾಕಿಕೊಳ್ಳಬೇಕು. ಮಾರುವವನು ‘ಎಲ್ಲಾ ಹಾಕಿಕೊಟ್ಟಿದ್ದೀನಿ ಸಾರ್’ ಎಂದರೆ ಏನನ್ನು, ಯಾವ ಪರವಾನಗಿಯಲ್ಲಿ ಎಂದು ಕೇಳುವುದು ಒಳ್ಳೆಯದು. ಕದ್ದ ಪ್ರತಿಯ ಜೊತೆ ಇನ್ನೇನು ಬಂದಿರುತ್ತದೋ ಹೇಳಲಾಗದು.

ಮನೆ ಬಳಕೆಗೆ ಮೂರು ದಾರಿ ಕಾಣುತ್ತವೆ. ಮೈಕ್ರೋಸಾಫ್ಟ್ ವರ್ಡ್ ಒಂದು. ಕೆಲಸದಲ್ಲಿ ಗಟ್ಟಿ, ಯೂನಿಕೋಡ್ ಕನ್ನಡವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಚಂದಾ ಕಟ್ಟಿ ಬಳಸುವ ಬಗೆಯದಾದರೆ, ಚಂದಾ ನಿಂತ ಮೇಲೆ ಓದಬಹುದು, ಮುದ್ರಿಸಬಹುದು, ತಿದ್ದಲಾಗದು. ಪಿಂಚಣಿಯಲ್ಲಿ ಬದುಕುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು ಗೂಗಲ್ ಡಾಕ್ಸ್. ಅಳವಡಿಸುವ ಗೋಜಿಲ್ಲ, ಮೈಕಿನ ಮುಂದೆ ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುತ್ತದೆ ಕೂಡ. ಆದರೆ ಬರೆದದ್ದು ಇರುವುದು ಅವರ ಯಂತ್ರದಲ್ಲಿ. ಆಗಾಗ ಇಳಿಸಿಕೊಂಡು ಮನೆಯಲ್ಲೊಂದು ಪ್ರತಿ ಇಟ್ಟುಕೊಳ್ಳದಿದ್ದರೆ ಗುಪ್ತಪದ ಮರೆತ ದಿನ ಮುನ್ನೂರು ಪುಟವೂ ದೂರ.

ಮೂರನೆಯದು ಲಿಬ್ರೆ ಆಫೀಸ್. ಮನೆಯ ಬರವಣಿಗೆಗೆ ಇದನ್ನೇ ಮೊದಲು ನೋಡುವುದು ವಿಹಿತ. ಇದರ ವಂಶಾವಳಿ ಸ್ವಾರಸ್ಯವಾದದ್ದು. ಜರ್ಮನಿಯ ಸ್ಟಾರ್ ಆಫೀಸನ್ನು 1999ರಲ್ಲಿ ಸನ್ ಕಂಪನಿ ಕೊಂಡಿತು. ಮರುವರ್ಷ ಅದರ ಆಕರ ಬರಹವನ್ನು ಜಗತ್ತಿಗೆ ಬಿಟ್ಟುಕೊಟ್ಟು ಓಪನ್ ಆಫೀಸ್ ಮಾಡಿತು. 2010ರಲ್ಲಿ ಅದರ ಸ್ವಯಂಸೇವಕರು ಕವಲೊಡೆದು ಕಟ್ಟಿಕೊಂಡದ್ದು ಲಿಬ್ರೆ ಆಫೀಸ್. ಹಣವಿಲ್ಲ, ಚಂದಾ ಇಲ್ಲ. ಅದು ಉಳಿಸುವ ಓಡಿಟಿ ಎಂಬ ಫೈಲು 2006ರಿಂದ ಅಂತರರಾಷ್ಟ್ರೀಯ ಶಿಷ್ಟತೆ, ಯಾರ ಸ್ವತ್ತೂ ಅಲ್ಲ. ನಿಜಕ್ಕೂ ಆ ಫೈಲು ಒಂದು ಪೊಟ್ಟಣ. ಹೆಸರಿನ ಕೊನೆಯಲ್ಲಿ ಓಡಿಟಿಯ ಬದಲು ಜಿಪ್ ಎಂದು ಬರೆದು ಬಿಚ್ಚಿದರೆ ಒಳಗಿನ ಒಂದು ಕಡತದಲ್ಲಿ ಬರೆದ ಕನ್ನಡವೆಲ್ಲ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ನಾಳೆ ಲಿಬ್ರೆ ಆಫೀಸೇ ಇಲ್ಲವಾದರೂ ಮೇಷ್ಟ್ರ ಹಾಡುಗಳು ಸಿಗುತ್ತವೆ. ವರ್ಡ್ 2007ರಿಂದ ಬಳಸುತ್ತಿರುವ ಡಾಕ್‌ಎಕ್ಸ್ ಕೂಡ ಇಂಥದೇ ಪೊಟ್ಟಣ, 2008ರಲ್ಲಿ ಅದೂ ಶಿಷ್ಟತೆಯಾಯಿತು.

ಅಳವಡಿಸುವುದು ಕಷ್ಟವಲ್ಲ. ಡಾಕ್ಯುಮೆಂಟ್ ಫೌಂಡೇಶನ್ ನಡೆಸುವ ಲಿಬ್ರೆ ಆಫೀಸಿನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಿದಾಗ ಮೇಲ್ಗಡೆ ಬರುವ ಜಾಹೀರಾತಿನ ಕೊಂಡಿಗಳನ್ನು ಒತ್ತಕೂಡದು. ಫೈಲು ಮುನ್ನೂರು ಎಂಬಿಗೂ ಮಿಗಿಲು, ಹಿಂದಿನ 1.44 ಎಂಬಿಯ ಫ್ಲಾಪಿಗಳಲ್ಲಿ ತುಂಬಿದ್ದರೆ ಇನ್ನೂರಕ್ಕೂ ಹೆಚ್ಚು ಫ್ಲಾಪಿ ಬೇಕಾಗುತ್ತಿತ್ತು! ಎರಡು ಸಲ ಒತ್ತಿ, ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್’ ಎನ್ನುತ್ತ ಹೋದರೆ ಮುಗಿಯಿತು. ಅಲ್ಲಿಗೆ ಮುಗಿಯಿತೆಂದು ತಿಳಿದವರೇ ಮುಂದೆ ಗೊಣಗುವುದು. ಕನ್ನಡಕ್ಕೆ ಇನ್ನೊಂದು ಹೆಜ್ಜೆ ಬಾಕಿ ಇರುತ್ತದೆ. ‘ಟೂಲ್ಸ್’ ಪಟ್ಟಿಯ ‘ಆಪ್ಷನ್ಸ್’ ಒಳಗೆ ಭಾಷೆಗಳ ಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಕನ್ನಡವನ್ನು ಆರಿಸಬೇಕು. ತಂತ್ರಾಂಶದ ದೃಷ್ಟಿಯಲ್ಲಿ ಕನ್ನಡ ‘ಸಂಕೀರ್ಣ’ ಲಿಪಿ. ಅದಕ್ಕೆ ಫಾಂಟೂ ಬೇರೆ, ಅಕ್ಷರದ ಗಾತ್ರವೂ ಬೇರೆ. ಇಂಗ್ಲಿಷಿಗೆ 12 ಎಂದು ಕೊಟ್ಟದ್ದು ಕನ್ನಡಕ್ಕೆ ತಾನಾಗಿ ಅನ್ವಯಿಸದು. ಒಂದೇ ಸಾಲಿನಲ್ಲಿ ಒಂದು ಪದ ದಪ್ಪ, ಇನ್ನೊಂದು ಸಣಕಲಾಗಿ ಕಂಡರೆ ಕಾರಣ ಇದೇ. ವರ್ಡಿನಲ್ಲೂ ಫಾಂಟಿನ ಪೆಟ್ಟಿಗೆಯಲ್ಲಿ ಇಂಥದೇ ಎರಡನೆಯ ಖಾನೆ ಇದೆ. ಫಾಂಟಿಗೆ ಬಡತನವಿಲ್ಲ: ವಿಂಡೋಸಿನ ನಿರ್ಮಲಾ, ತುಂಗಾ, ಪುಕ್ಕಟೆ ಸಿಗುವ ನೋಟೋ, ಲೋಹಿತ್ ಯಾವುದಾದರೂ ಆದೀತು.

ಆಮೇಲೆ ಕೀಲಿಮಣೆ. ಎಷ್ಟೋ ಜನ ತಂತ್ರಾಂಶವನ್ನೂ ಕೀಲಿಮಣೆಯನ್ನೂ ಒಂದೇ ಎಂದು ಭಾವಿಸುತ್ತಾರೆ. ಬರಹ, ನುಡಿಗಳ ಕಾಲದಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದುದರಿಂದ ಈ ಭಾವನೆ ಸಹಜ. ಈಗ ಕೀಲಿಮಣೆ ವಿಂಡೋಸಿನ ಭಾಗ. ಸೆಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿದರೆ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗಬಹುದು. ಅಲ್ಲಿ ಸಿಗುವುದು 1986ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಇನ್‌ಸ್ಕ್ರಿಪ್ಟ್. 2019ರಿಂದ ಉಚ್ಚಾರಣೆಯ ಕೀಲಿಮಣೆಯೂ ಇದೆ. ಕೆ. ಪಿ. ರಾವ್ ವಿನ್ಯಾಸ ಬೇಕಾದವರು ನುಡಿಯ ಈಚಿನ ಆವೃತ್ತಿಯನ್ನು ಹಾಕಿಕೊಂಡು, ಅದರಲ್ಲಿ ಯೂನಿಕೋಡನ್ನು ಆರಿಸಿಕೊಳ್ಳಬೇಕು. ಆರಿಸಿಕೊಳ್ಳದೆ ಬರೆದರೆ ಮತ್ತೆ ಪಿ, ಕ್ಯೂ! ಲಿನಕ್ಸ್ ಬಳಸುವವರಿಗೆ ಈ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ ಹ್ರಸ್ವರೂಪವಾದ ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಯಾವುದು ಮೇಲು? ‘ಕನ್ನಡ’ ಎಂದು ಬರೆದು ನೋಡಬಹುದು. ರಾಯರ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದು ಒತ್ತು. ಇನ್‌ಸ್ಕ್ರಿಪ್ಟಿನಲ್ಲೂ ಐದೇ, ಆದರೆ ನಕಾರ ‘ವಿ’ಯಲ್ಲಿ, ಹಲಂತ ‘ಡಿ’ಯಲ್ಲಿ, ಡಕಾರ ಚೌಕ ಕಂಸದಲ್ಲಿ ಇರುವುದರಿಂದ ಇಂಗ್ಲಿಷ್ ಬಲ್ಲ ಬೆರಳು ತಡವರಿಸುತ್ತದೆ. ಬರಹದ ಲಿಪ್ಯಂತರದಲ್ಲಿ ಏಳು ಒತ್ತು, ಜೊತೆಗೊಂದು ಶಿಫ್ಟ್. ತಿಂಗಳಿಗೊಂದು ಪತ್ರ ಬರೆಯುವವರಿಗೆ ಲಿಪ್ಯಂತರ ಸಾಕು. ಪುಸ್ತಕ ಬರೆಯುವವರು ವಾರವೊಂದನ್ನು ರಾಯರ ವಿನ್ಯಾಸಕ್ಕೆ ಕೊಟ್ಟರೆ ನಷ್ಟವಿಲ್ಲ. ಇನ್‌ಸ್ಕ್ರಿಪ್ಟ್ ಕಲಿತವರು ಅದೇ ಬೆರಳಿನಲ್ಲಿ ಹಿಂದಿ, ತೆಲುಗೂ ಬರೆಯಬಲ್ಲರು, ಅದು ಅದರ ಹೆಚ್ಚುಗಾರಿಕೆ. ಯಾವುದರಲ್ಲಿ ಬರೆದರೂ ಯೂನಿಕೋಡಿನಲ್ಲಿ ದಾಖಲಾಗುವುದು ಮೇಲೆ ಹೇಳಿದ ಅದೇ ಐದು ಸಂಖ್ಯೆ. ಬೆರಳಿನ ರೂಢಿ ಅವರವರದು.

ಒಂದು ಸಣ್ಣ ತೊಡಕು ಎಲ್ಲರಿಗೂ ಎದುರಾಗುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯಹೋದರೆ ವಕಾರವು ಟಕಾರದ ಕಾಲಿಗೆ ಒತ್ತಾಗಿ ಅಂಟಿಕೊಳ್ಳುತ್ತದೆ. ಎರಡನ್ನೂ ಬಿಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಅದರ ಸಂಖ್ಯೆ 8204. ಅದನ್ನು ಯಾವ ಕೀಲಿಯಿಂದ ತರುವುದೆಂಬುದು ಕೀಲಿಮಣೆಯಿಂದ ಕೀಲಿಮಣೆಗೆ ಬೇರೆ. ಮೊದಲ ದಿನವೇ ತಿಳಿದುಕೊಂಡರೆ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಕಾಗುಣಿತ ತಿದ್ದುವ ಸೌಲಭ್ಯದ ಬಗ್ಗೆ ಮಾತ್ರ ಹೆಚ್ಚು ಆಸೆ ಬೇಡ. ಮನೆ, ಮನೆಗೆ, ಮನೆಯಲ್ಲಿ, ಮನೆಯಲ್ಲಿದ್ದವರಿಗೂ ಎಂದು ಒಂದು ಪದ ಬೆಳೆಯುತ್ತಲೇ ಹೋಗುವ ಭಾಷೆಯನ್ನು ಪದಪಟ್ಟಿಯಲ್ಲಿ ಹಿಡಿದಿಡುವುದು ಸುಲಭವಲ್ಲ.

ಎಲ್ಲ ಆದ ಮೇಲೆ ಒಂದು ನಿಮಿಷದ ಪರೀಕ್ಷೆ. ನಾಲ್ಕು ಸಾಲು ಕನ್ನಡ ಬರೆದು, ಅದನ್ನು ಆಯ್ದು, ಕನ್ನಡವೇ ಇಲ್ಲದ ಒಂದು ಇಂಗ್ಲಿಷ್ ಫಾಂಟನ್ನು ಕೊಡಿ. ಅಕ್ಷರ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಪಿ, ಕ್ಯೂ ಆದರೆ ಅಲ್ಲಿಗೇ ನಿಲ್ಲಿಸಿ, ಕೀಲಿಮಣೆಯ ಆಯ್ಕೆಯನ್ನು ತಿದ್ದಿಕೊಳ್ಳಿ. ಮುನ್ನೂರನೆಯ ಪುಟದಲ್ಲಿ ಗೊತ್ತಾಗುವುದಕ್ಕಿಂತ ಮೊದಲ ಪುಟದಲ್ಲಿ ಗೊತ್ತಾಗುವುದು ವಾಸಿ.

ಇನ್ನು ಮೇಷ್ಟ್ರ ಸಿಡಿ. ಮಗಳು ಗಾಬರಿ ಬೀಳಬೇಕಾಗಿಲ್ಲ. ಬರಹ, ನುಡಿಗಳ ಫೈಲಾಗಿದ್ದರೆ ಎರಡರದೂ ಒಂದೇ ಪದ್ಧತಿಯಾದ್ದರಿಂದ ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅದಕ್ಕೂ ಹಿಂದಿನ ತಂತ್ರಾಂಶಗಳದಾದರೆ ಆಯಾ ಫಾಂಟಿಗೆ ಹೊಂದುವ ಪರಿವರ್ತಕ ಬೇಕು, ಆ ಕೆಲಸ ತುಸು ಬಿಗಿ. ಮೊದಲು ಸಿಡಿಯಿಂದ ಎರಡು ಪ್ರತಿ ತೆಗೆದು, ಒಂದನ್ನು ಮುಟ್ಟದೆ ಇಡಬೇಕು. ತೆರೆದ ಪ್ರತಿಯಲ್ಲಿ ‘ಎಲ್ಲವನ್ನೂ ಆಯ್ದು ಫಾಂಟು ಬದಲಿಸುವ’ ಕೆಲಸಕ್ಕೆ ಕೈ ಹಾಕಕೂಡದು. ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬುದಕ್ಕೆ ಆ ಫೈಲಿನಲ್ಲಿ ಉಳಿದಿರುವ ಏಕೈಕ ಸಾಕ್ಷಿ ಫಾಂಟಿನ ಹೆಸರು. ಅದನ್ನು ಅಳಿಸಿದರೆ ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆದ ಪದಗಳೂ ಪರಿವರ್ತಕದ ಬಾಯಿಗೆ ಬಿದ್ದು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ.

ಪರಿವರ್ತನೆ ಮುಗಿದ ಮೇಲೆ ಕೂತು ಓದಲೇಬೇಕು. ಮುಖ್ಯವಾಗಿ ಅರ್ಕಾವೊತ್ತು. ‘ಕರ್ಣ’ ಎನ್ನುವಾಗ ರಕಾರವನ್ನು ಮೊದಲು ಉಲಿದರೂ ಬರೆಯುವುದು ಕೊನೆಯಲ್ಲಿ. ಹಳೆಯ ಫಾಂಟು ಕಂಡಂತೆ ಕೊನೆಯಲ್ಲಿಟ್ಟಿದೆ, ಯೂನಿಕೋಡು ಉಲಿದಂತೆ ಮೊದಲು ಇಡುತ್ತದೆ. ಪರಿವರ್ತಕವು ಹಿಂದುಮುಂದು ಮಾಡಬೇಕು, ಒತ್ತಿನ ಮೇಲೆ ಒತ್ತು ಬಂದ ಕಡೆ ಎಡವುವುದುಂಟು. ಹಾಡಿನ ಪದಗಳಲ್ಲಿ ಇದು ಇನ್ನೂ ನಾಜೂಕು. ಆಡುಮಾತಿನ ರೂಪ ಯಾವುದು, ಯಂತ್ರದ ತಪ್ಪು ಯಾವುದು ಎಂದು ಹೇಳಬಲ್ಲವರು ಆ ಹಾಡನ್ನು ಕಿವಿಯಲ್ಲಿ ಕೇಳಿದವರು ಮಾತ್ರ. ಮಗಳು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ಕೇಳಿದ್ದರೆ ಅವರೇ ತಿದ್ದಬೇಕು. ಇಲ್ಲವಾದರೆ ಆ ಊರಿನಲ್ಲಿ ಇನ್ನೂ ಉಳಿದಿರುವ ಯಾರಾದರೂ ಒಬ್ಬರು ಹಿರಿಯರ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಟ್ಟಿಯಾಗಿ ಓದಿ ಕೇಳಬೇಕು, ಬೇಗ. ತಿದ್ದಿದ ಪ್ರತಿಯನ್ನು ಓಡಿಟಿಯಲ್ಲಿ ಉಳಿಸಿ, ಒಂದನ್ನು ಅಣ್ಣನ ಮನೆಗೆ ಕಳಿಸಿ, ಒಂದನ್ನು ಮುದ್ರಿಸಿ ಇಟ್ಟುಕೊಂಡು, ಹಳೆಯ ಸಿಡಿಯನ್ನು ಅದರ ಮೇಲೆ ಅಪ್ಪ ಬರೆದ ಚೀಟಿಯ ಸಮೇತ ಕಪಾಟಿನಲ್ಲಿ ಹಾಗೆಯೇ ಬಿಡಬಹುದು.